ಹೆರ್ಮಿನಾ ಎತ್ತಿಕೊಟ್ಟ ಮಾತು

ನಮ್ಮ ಪುಟ್ಟ ಊರು ಓಲ್ಶಿನಿಯ ಚೌಕದಲ್ಲಿ, ಇಗರ್ಜಿಯ ಮಗ್ಗುಲಿಗೆ, ಹೆರ್ಮಿನಾ ಕುಬಾತೋವಾ ಅವರ ಹೊಗೆಸೊಪ್ಪಿನ ಅಂಗಡಿ ಇತ್ತು. ಗಂಡ ಮಹಾಯುದ್ಧದಲ್ಲಿ, ಗಲೀಷಿಯಾದ ರಣರಂಗದಲ್ಲಿ ಸತ್ತದ್ದರಿಂದ ಸರ್ಕಾರ ಅವರಿಗೆ ಆ ಅಂಗಡಿಯ ಪರವಾನಗಿ ಕೊಟ್ಟಿತ್ತು. ಸಿಗರೇಟು, ನಶ್ಯ, ಅಂಚೆ ಚೀಟಿ, ದಿನಪತ್ರಿಕೆ, ಜೊತೆಗೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಅಗ್ಗದ ಕಥೆಪುಸ್ತಕಗಳು. ಆ ಪುಸ್ತಕಗಳಲ್ಲಿ ನಕ್ಷತ್ರಲೋಕದ ಸಾಹಸಗಳನ್ನು ಮಾತ್ರ ಅವರು ಮುಖಪುಟ ಗೋಡೆಗೆ ತಿರುಗಿಸಿ ತೂಗುಹಾಕುತ್ತಿದ್ದರು. ಯಾಕೆಂದು ಕೇಳಿದವರಿಗೆ, ಬಿಸಿಲಿಗೆ ಬಣ್ಣ ಹೋಗುತ್ತದೆ ಎನ್ನುತ್ತಿದ್ದರು. ಅಂಗಡಿ ಉತ್ತರಕ್ಕೆ ಮುಖ ಮಾಡಿತ್ತು. ಅಲ್ಲಿಗೆ ಬಿಸಿಲು ಬರುತ್ತಲೇ ಇರಲಿಲ್ಲ.

ಈ ವಿಷಯ ಊರಿನಲ್ಲಿ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ನಾನು ಗಮನಿಸಿದ್ದಕ್ಕೆ ಕಾರಣ, ಆ ಪುಸ್ತಕಗಳನ್ನು ಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬ. ಇನ್ನೊಂದು ಕಾರಣವೂ ಉಂಟು. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ; ಊರಿನವರು ಕರೆಯುತ್ತಿದ್ದದ್ದು ಇಂಜಿನಿಯರ್ ಎಂದು. ಊರಿನ ನಾಟಕ ಮಂಡಳಿಯಲ್ಲಿ ದೀಪದ ಉಸ್ತುವಾರಿಯೂ ನನ್ನದೇ. "ಬಿಳಿ ಕುದುರೆ" ಹೋಟೆಲಿನ ಹಿಂದಿನ ಸಭಾಂಗಣದಲ್ಲಿ, ರಂಗದ ಹಲಗೆಗಳ ಕೆಳಗೆ, ಉಪ್ಪುನೀರಿನ ಪೀಪಾಯಿ ಇಟ್ಟುಕೊಂಡು ನಾನು ಕೂರುತ್ತಿದ್ದೆ; ಮುಂದಿನ ಹಲಗೆಯ ಸಂದಿನಿಂದ ರಂಗ ಕಾಣುತ್ತಿತ್ತು. ವಿದ್ಯುತ್ ತಂತಿ ಕಟ್ಟಿದ ತಗಡನ್ನು ಆ ಉಪ್ಪುನೀರಿನಲ್ಲಿ ಮುಳುಗಿಸಿದರೆ ದೀಪ ಬೆಳಗುತ್ತದೆ, ಮೆಲ್ಲಗೆ ಮೇಲೆತ್ತಿದರೆ ಮಂಕಾಗುತ್ತದೆ. ನನ್ನಿಂದ ಒಂದು ಮಾರು ದೂರದಲ್ಲಿ, ರಂಗದ ಅಂಚಿನ ಗೂಡಿನೊಳಗೆ, ಹಾಲು ಕರೆಯುವ ಮಣೆಯ ಮೇಲೆ ಹೆರ್ಮಿನಾ ಕೂರುತ್ತಿದ್ದರು. ಕಾಲಡಿಗೆ ಬಿಸಿ ಮಾಡಿದ ಇಟ್ಟಿಗೆ, ತೊಡೆಯ ಮೇಲೆ ನಾಟಕದ ಪ್ರತಿ. ಅವರು ಮಂಡಳಿಯ ಪ್ರಾಂಪ್ಟರ್, ಮಾತು ಮರೆತ ನಟರಿಗೆ ಎತ್ತಿಕೊಡುವವರು. ಹುಡುಗಿಯಾಗಿದ್ದಾಗಿನಿಂದ ಬೇರೆ ಯಾವ ಪಾತ್ರವನ್ನೂ ಅವರು ಕೇಳಿದವರಲ್ಲ.

ಆ ಕೆಲಸಕ್ಕೆ ಅವರದೇ ಕ್ರಮವಿತ್ತು. ಪೂರ್ತಿ ವಾಕ್ಯ ಎತ್ತಿಕೊಡಬಾರದು, ಮೊದಲ ಪದ ಸಾಕು. ಅದನ್ನೂ ಗಂಟಲಿನಿಂದಲ್ಲ, ಉಸಿರಿನಿಂದ ಹೇಳಬೇಕು; ಗಂಟಲಿನ ದನಿ ಮೂರನೆಯ ಸಾಲಿನವರೆಗೆ ಹೋಗುತ್ತದೆ, ಉಸಿರು ನಟನ ಬಳಿಗೆ ಹೋಗಿ ನಿಲ್ಲುತ್ತದೆ. ಮಾತು ಮರೆತವನನ್ನು ಕಣ್ಣು ನೋಡಿ ಗುರುತಿಸಲು ಹೋಗಬಾರದು, ಯಾಕೆಂದರೆ ಒಳ್ಳೆಯ ನಟನ ಕಣ್ಣು ಸುಳ್ಳು ಹೇಳುತ್ತದೆ. ಕತ್ತಿನ ಮುಂದೆ ಉಬ್ಬಿರುವ ಗಂಟು ನೋಡಬೇಕು. ಅದು ಒಮ್ಮೆ ಮೇಲೆ ಹೋಗಿ ಕೆಳಗಿಳಿದರೆ, ಮಾತು ಹೋಯಿತೆಂದೇ ಲೆಕ್ಕ. ಪ್ರೇಕ್ಷಕರಿಗೆ ತಿಳಿಯುವ ಮೊದಲೇ ಪದ ಎತ್ತಿಕೊಟ್ಟುಬಿಡಬೇಕು. ನಮ್ಮ ಮಂಡಳಿಯಲ್ಲಿ ನಾಟಕದ ನಡುವೆ ನಿಶ್ಶಬ್ದವಾದರೆ ಅದು ಪ್ರಾಂಪ್ಟರಿನ ತಪ್ಪು, ನಟನದಲ್ಲ. ಹಳೆಯ ಕಾಲದಿಂದ ನಡೆದುಬಂದ ನಿಯಮ ಅದು.

ಆ ನಿಯಮ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವರ ತಮ್ಮ ಆಲ್ಬೀನ್‌ಗೆ. ತಾಯಿ ಬೇಗ ತೀರಿಕೊಂಡದ್ದರಿಂದ ಆಲ್ಬೀನ್‌ನನ್ನು ಸಾಕಿದವರು ಹೆರ್ಮಿನಾ. ಅವನು ಅಪ್ಪನ ಮಾಂಸದ ಅಂಗಡಿ ಹಿಡಿದ. ಬಾಗಿಲು ತುಂಬುವ ಆಳು, ಗುಡುಗಿನಂಥ ದನಿ. ರಾಜ, ಪಾದ್ರಿ, ದರೋಡೆಕೋರ, ಯಾವ ಪಾತ್ರಕ್ಕಾದರೂ ಸರಿಯೇ. ಆದರೆ ಯುದ್ಧದಿಂದ ಮರಳಿದ ಮೇಲೆ ಅವನ ನೆನಪಿಗೆ ತೂತು ಬಿದ್ದಿತ್ತು. ಮಾತಿನ ನಡುವೆ ಇದ್ದಕ್ಕಿದ್ದಂತೆ ಏನೋ ಜಾರಿಹೋಗುತ್ತಿತ್ತು. ಎದುರಿಗಿರುವ ಗಿರಾಕಿಯ ಹೆಸರು, ತೂಗಬೇಕಾದ ಮಾಂಸ, ಕೈಯಲ್ಲಿದ್ದ ಚಾಕು ಯಾಕೆ ಎತ್ತಿಕೊಂಡೆ ಎನ್ನುವುದು. ಒಂದು ಗಳಿಗೆ ಕಳೆದರೆ ಎಲ್ಲ ವಾಪಸು ಬರುತ್ತಿತ್ತು. ರಂಗದ ಮೇಲೆ ಆ ಗಳಿಗೆ ಇರುವುದಿಲ್ಲವಲ್ಲ. ಹಾಗಾಗಿ ಅಕ್ಕ ಅವನ ಪಾತ್ರಗಳನ್ನು ಪದಪದವಾಗಿ ಎತ್ತಿಕೊಡುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಮಾಂಸದ ಅಂಗಡಿಯಲ್ಲಿ ಹೆಂಗಸರು, "ಯಾಕಪ್ಪ ಆಲ್ಬೀನ್, ಹಂದಿ ತೊಡೆ ಎಷ್ಟಕ್ಕೆ ಅಂತ ನಿಮ್ಮಕ್ಕನ್ನ ಕೇಳ್ಕೊಂಡು ಬರ್ಬೇಕಾ?" ಎಂದು ಕಿಚಾಯಿಸುತ್ತಿದ್ದರು. ಅವನು ನಕ್ಕು, ಒಂದು ತುಂಡು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದ. ಆ ನಗುವಿನ ಬೆಲೆ ಹೆರ್ಮಿನಾಗೆ ಮಾತ್ರ ಗೊತ್ತಿತ್ತು.

ಯುದ್ಧ ಮುಗಿದು ನಾಲ್ಕನೆಯ ಚಳಿಗಾಲದಲ್ಲಿ ಡಾಕ್ಟರ್ ವೀತ್ ಝಾರುಬಾ ಅವರ ನಾಟಕ ನಮಗೆ ಸಿಕ್ಕಿತು. ಅವರು ಹಿಂದೆ ನಮ್ಮ ಜಿಲ್ಲೆಯಲ್ಲಿ ವೈದ್ಯರಾಗಿದ್ದವರು; ಪ್ರಾಗಿಗೆ ಹೋಗಿ ವಿಚಿತ್ರವಾದ ಕಥೆಗಳನ್ನು ಬರೆಯುತ್ತಿದ್ದರು. ಅಲ್ಲಿನ ದೊಡ್ಡ ನಾಟಕಶಾಲೆಗಳು ಈ ನಾಟಕವನ್ನು ಓದಿ, ಆಮೇಲೆ ನೋಡೋಣ ಎಂದಿದ್ದವು. ನಮ್ಮ ನಿರ್ದೇಶಕ ರೆಝೆಕ್ ಮಾಸ್ತರರು ಅವರ ಹಳೆಯ ರೋಗಿ. ಕಾಗದ ಬರೆದು ಕೇಳಿದರು, ಡಾಕ್ಟರು ಒಪ್ಪಿದರು.

ನಾಟಕದ ಹೆಸರು "ಅತಿಥಿ". ಲಾಬೆ ನದಿ ಹೆಪ್ಪುಗಟ್ಟಿದ ಒಂದು ಚಳಿಗಾಲ, ಬೇರೊಂದು ನಕ್ಷತ್ರದಿಂದ ಬಂದವನೊಬ್ಬ ಅಂಬಿಗನ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಅವನಿಗೆ ನೆಗಡಿಯಾಗುತ್ತದೆ. ಹಿಟ್ಟಿನ ಕಡುಬು ತಿನ್ನಲು ಕಲಿಯುತ್ತಾನೆ. ಊರಿನವರು ತಮ್ಮ ಜಗಳಗಳನ್ನೆಲ್ಲ ಅವನ ಮುಂದೆ ತಂದಿಡುತ್ತಾರೆ. ಅಲ್ಲಿಯವರೆಗಿನ ಕಥೆಗಳಲ್ಲಿ ಆಕಾಶದಿಂದ ಬಂದವರು ರಾಕ್ಷಸರಾಗಿರುತ್ತಿದ್ದರು, ಇಲ್ಲವೇ ದೇವದೂತರು. ಒಲೆಯ ಪಕ್ಕ ಕಾಲು ಚಾಚಿ ಕೂತ ನೆಂಟನನ್ನು ನಾನು ಅದಕ್ಕೆ ಮೊದಲು ಓದಿರಲಿಲ್ಲ. ಕೊನೆಗೆ ವಸಂತ ಬಂದು, ಮಂಜುಗಡ್ಡೆ ಒಡೆದು, ಅವನು ಹೊರಟು ನಿಂತಾಗ ಅಂಬಿಗನ ಹೆಂಡತಿ ಕೇಳುತ್ತಾಳೆ: "ನಿಮ್ಮವರು ಇನ್ನೂ ಬರ್ತಾರಾ?" ಅತಿಥಿ "ಬರ್ತಾರೆ" ಅನ್ನುತ್ತಾನೆ. ದೀಪ ಆರುತ್ತದೆ, ಪರದೆ ಬೀಳುತ್ತದೆ. ತಾಲೀಮು ಶುರುವಾದಾಗ ಹಾಗಿತ್ತು.

ಪ್ರದರ್ಶನಕ್ಕೆ ಕೆಲವೇ ದಿನ ಉಳಿದಿರುವಾಗ ಡಾಕ್ಟರು ತಾಲೀಮು ನೋಡಲು ಬಂದರು. ಕೊನೆಯ ಭಾಗ ಮುಗಿದ ಮೇಲೆ ಚುಟ್ಟಾ ಹಚ್ಚಿ, ಆ ಕೊನೆಯ ಮಾತು ಬೇಡ ಎಂದರು. ರೆಝೆಕ್ ಮಾಸ್ತರರಿಗೆ ಗಾಬರಿಯಾಯಿತು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರದಿದ್ದರೆ ಜನ ಟಿಕೇಟಿನ ದುಡ್ಡು ವಾಪಸು ಕೇಳುತ್ತಾರೆ ಎಂದು ಅರ್ಧ ತಮಾಷೆಗೆ ಅಂದರು.

"ನೋಡಿ ಮಾಸ್ತರೇ," ಎಂದರು ಡಾಕ್ಟರು. "ಬೇರೆ ನಕ್ಷತ್ರದಿಂದ ಬಂದವನ ಮನಸ್ಸಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ಲ. ಮೂರು ಅಂಕ ಗೊತ್ತಿಲ್ಲ ಅಂತ ಒಪ್ಕೊಂಡು, ಕೊನೇಲಿ ಗೊತ್ತಿದೆ ಅಂದ್ರೆ ಅದು ಮೋಸ. ದೀಪ ಪೂರ್ತಿ ಆರೋವರೆಗೂ ಅವನು ಅವಳನ್ನ ನೋಡ್ತಾ ನಿಂತಿರ್ಲಿ, ಸಾಕು."

ಅತಿಥಿಯ ಪಾತ್ರ ಆಲ್ಬೀನ್‌ನದು. ಈ ಬದಲಾವಣೆಯಿಂದ ಅವನಿಗಾದಷ್ಟು ಸಂತೋಷ ಇನ್ಯಾರಿಗೂ ಆಗಲಿಲ್ಲ. ನಾಟಕದ ಅತಿ ದೊಡ್ಡ ಗಳಿಗೆ ಅವನದು, ಅದರಲ್ಲಿ ಮರೆಯಲು ಒಂದು ಪದವೂ ಇಲ್ಲ. ಆ ವಾರವೆಲ್ಲ ಅವನು ಮಾಂಸ ತೂಗುಹಾಕಿದ ತಣ್ಣನೆಯ ಕೋಣೆಯಲ್ಲಿ ಕೊಕ್ಕೆಯ ಮೇಲಿನ ಹಂದಿಯನ್ನು ಅಂಬಿಗನ ಹೆಂಡತಿ ಅಂದುಕೊಂಡು, ಅದರೆದುರು ಸುಮ್ಮನೆ ನಿಲ್ಲುವುದನ್ನು ಅಭ್ಯಾಸ ಮಾಡಿದನಂತೆ. ಅವನ ಹೆಂಡತಿ ರೂಝೆನಾ ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕಳು. ಪ್ರದರ್ಶನದ ಸಂಜೆ, ಪರದೆ ಏಳುವ ಮುಂಚೆ, ಅವನು ಗೂಡಿನ ಬಳಿ ಮಂಡಿಯೂರಿ ಕೂತು ಅಕ್ಕನಿಗೆ ಹೇಳಿದ್ದನ್ನು ನಾನು ಕೇಳಿದೆ.

"ಅಕ್ಕಾ, ಆ ಹೊತ್ತಿಗೆ ಪುಸ್ತಕ ಮುಚ್ಚಿಬಿಡು. ಅದೊಂದು ಮಾತ್ರ ನಾನೇ ಮಾಡ್ತೀನಿ."

"ಮುಚ್ತೀನಿ ಕಣೋ. ಹೋಗು, ಮುಖದ ಬಣ್ಣ ಅಳಿಸ್ಕೋಬೇಡ."

ನಾಟಕ ಚೆನ್ನಾಗಿ ನಡೆಯಿತು. ಅಕ್ಕ ಎತ್ತಿಕೊಡಬೇಕಾದಲ್ಲಿ ಎತ್ತಿಕೊಟ್ಟರು, ತಮ್ಮ ಹಿಡಿದುಕೊಂಡ. ಕೊನೆಯ ಪ್ರಶ್ನೆ ಬಂತು. ನಾನು ತಗಡನ್ನು ಮೇಲೆತ್ತತೊಡಗಿದೆ. ಅದನ್ನು ಬಹಳ ನಿಧಾನವಾಗಿ ಎತ್ತಬೇಕು ಎಂದು ಡಾಕ್ಟರು ಹೇಳಿದ್ದರು. ಹೆರ್ಮಿನಾ ಪುಸ್ತಕ ಮುಚ್ಚಿ ಎರಡೂ ಕೈ ಅದರ ಮೇಲಿಟ್ಟದ್ದು ನನಗೆ ಕಂಡಿತು. ಸಭಾಂಗಣದಲ್ಲಿ ಕೆಮ್ಮು ಕೂಡ ಇರಲಿಲ್ಲ. ಆಲ್ಬೀನ್ ಕಂಬದ ಹಾಗೆ ನಿಂತಿದ್ದ. ನಿಶ್ಶಬ್ದ ಬೆಳೆಯುತ್ತ ಹೋಯಿತು. ದೀಪ ಅರ್ಧ ಇಳಿದಿತ್ತು. ಆಗ ಅವನ ಕತ್ತಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

ಎಂಜಲು ನುಂಗಿದ್ದ, ಅಷ್ಟೆ. ಅಷ್ಟು ಹೊತ್ತು ನಿಂತ ಯಾವ ಮನುಷ್ಯನಾದರೂ ನುಂಗುತ್ತಾನೆ. ಆದರೆ ಹೆರ್ಮಿನಾ ಇಪ್ಪತ್ತು ವರ್ಷ ಆ ಒಂದು ಗುರುತಿಗೇ ಕಾದು ಕೂತವರು. ಆಲ್ಬೀನ್ ಊರಿನೆದುರು ನಗೆಪಾಟಲಾಗುತ್ತಾನೆ ಎಂಬುದೊಂದನ್ನು ಬಿಟ್ಟು ಅವರ ತಲೆಗೆ ಬೇರೆ ಏನೂ ಹೊಳೆಯಲಿಲ್ಲ. ಪುಸ್ತಕ ತೆರೆಯಲಿಲ್ಲ, ಯೋಚಿಸಲೂ ಇಲ್ಲ. ಉಸಿರಿನಲ್ಲಿ ಪದ ಹೊರಟುಬಿಟ್ಟಿತು.

"ಬರ್ತಾರೆ."

ಯುದ್ಧದಿಂದ ಮರಳಿದಾಗಿನಿಂದ ಆಲ್ಬೀನ್‌ಗೂ ಅದೇ ಅಭ್ಯಾಸ. ಗೂಡಿನಿಂದ ಬಂದದ್ದನ್ನು ಬಾಯಿ ಹೇಳಿಬಿಡುತ್ತಿತ್ತು. ಆ ಗುಡುಗು ದನಿಯಲ್ಲಿ ಅವನು, "ಬರ್ತಾರೆ" ಎಂದ.

ಸಭಾಂಗಣದಲ್ಲಿ ಒಬ್ಬ ಹೆಂಗಸು ಸಣ್ಣಗೆ ಕೂಗಿದಳು. ಆಗಿನ್ನೂ ಎಲ್ಲರ ಮನೆಯಲ್ಲೂ ಯುದ್ಧದ ಗಾಯ ಹಸಿಯಾಗಿತ್ತು. ಯಾರೋ ಬರ್ತಾರೆ ಎಂಬ ಮಾತಿಗೆ ಬೆಚ್ಚದವರು ಅಲ್ಲಿ ಇರಲಿಲ್ಲ. ಅರೆಗತ್ತಲಲ್ಲಿ ಆ ಮಾತು ಗೋಡೆಗೆ ಬಡಿದು ವಾಪಸು ಬಂತು. ದೀಪ ಆರಿತು. ಆಮೇಲೆ ಎದ್ದ ಚಪ್ಪಾಳೆಯನ್ನು ಓಲ್ಶಿನಿ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆದರೆ ದೀಪ ಆರುವುದಕ್ಕೆ ಮುಂಚಿನ ಕೊನೆಯ ಬೆಳಕಿನಲ್ಲಿ ಆಲ್ಬೀನ್ ಗೂಡಿನ ಕಡೆ ಕಣ್ಣು ಇಳಿಸಿ ನೋಡಿದ. ಆ ನೋಟವನ್ನು ಕಂಡವರು ಇಬ್ಬರೇ, ಹೆರ್ಮಿನಾ ಮತ್ತು ನಾನು.

ಪರದೆಯ ಹಿಂದೆ ಡಾಕ್ಟರ್ ಝಾರುಬಾ ಆಲ್ಬೀನ್‌ನನ್ನು ತಬ್ಬಿಕೊಂಡರು. ಬಣ್ಣ ಅವರ ಕೋಟಿಗೆಲ್ಲ ಮೆತ್ತಿತು. ತೆಗೆದುಹಾಕಿದ್ದ ಮಾತನ್ನು ಅವನು ಧೈರ್ಯವಾಗಿ ವಾಪಸು ತಂದ ಎಂದೇ ಅವರು ತಿಳಿದರು. ನಾನು ಹೆದರಿ ಬಿಟ್ಟದ್ದನ್ನು ನೀವು ಹಿಡಿದು ನಿಲ್ಲಿಸಿದಿರಿ ಎಂದರು. ಆಲ್ಬೀನ್ ನೆಲ ನೋಡುತ್ತ ನಿಂತಿದ್ದ. ಅಕ್ಕ ಮೂಲೆಯಲ್ಲಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

ಮರುದಿನ ಅವನು ಪಾತ್ರದ ಉಡುಪನ್ನು ಮಡಿಸಿ ರೆಝೆಕ್ ಮಾಸ್ತರರ ಮನೆಗೆ ಕಳಿಸಿದ. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆ, ಇನ್ನು ನಾಟಕಕ್ಕೆ ಬಿಡುವಿಲ್ಲ ಎಂದ. ಅಲ್ಲಿಯವರೆಗೆ ಪ್ರತಿ ಚಳಿಗಾಲ ಹಂದಿ ಕೊಯ್ದ ದಿನ ಅವನೇ ಚೌಕ ದಾಟಿ ಬಂದು ಅಕ್ಕನಿಗೆ ಹಂದಿಯ ರಕ್ತ ಹಾಕಿ ಕುದಿಸಿದ ಕಪ್ಪು ಸಾರಿನ ಪಾತ್ರೆ, ಹೊಸ ಸಾಸೇಜು ಕೊಟ್ಟು ಹೋಗುತ್ತಿದ್ದ. ನೆರೆಯವರಿಗೆ ಯಾರ ಕೈಲಾದರೂ ಕಳಿಸಬಹುದು, ಒಡಹುಟ್ಟಿದವರಿಗೆ ಕೊಯ್ದವನೇ ಒಯ್ಯಬೇಕು. ಅದು ನಮ್ಮ ಕಡೆಯ ರೀತಿ. ಆ ವರ್ಷದಿಂದ ಪಾತ್ರೆ ತಂದವಳು ರೂಝೆನಾ. ಹೆರ್ಮಿನಾ ಪಾತ್ರೆ ತೊಳೆದು, ಖಾಲಿ ಕಳಿಸಬಾರದೆಂದು ಅದರಲ್ಲಿ ಹಿಡಿ ಉಪ್ಪು ಹಾಕಿ ಹಿಂದಿರುಗಿಸುತ್ತಿದ್ದರು. ಮಾಂಸ ಬೇಕಾದರೆ ಸೇತುವೆಯಾಚೆಯ ಇನ್ನೊಬ್ಬ ಕಸಾಯಿಯ ಹತ್ತಿರ ಹೋಗುತ್ತಿದ್ದರು. ಅಕ್ಕತಮ್ಮ ಜಗಳವಾಡಿದ್ದಾರೆ ಎಂದು ಯಾರಿಗೂ ಅನ್ನಿಸಲಿಲ್ಲ. ಸತ್ತವರ ಹಬ್ಬಕ್ಕೆ ತಾಯಿಯ ಸಮಾಧಿಯ ಬಳಿ ಜೊತೆಗೇ ನಿಂತು ಮೇಣದ ಬತ್ತಿ ಹಚ್ಚುತ್ತಿದ್ದರು, ಹವೆಯ ಬಗ್ಗೆ ಮಾತಾಡುತ್ತಿದ್ದರು. ಒಂದೇ ಒಂದು ವಿಷಯ ಇಬ್ಬರ ನಡುವೆ ಬಾಯಿಗೆ ಬರುತ್ತಿರಲಿಲ್ಲ.

ಇತ್ತ ನಾಟಕ ಬೆಳೆಯಿತು. ಅಚ್ಚಾದಾಗ ಕೊನೆಯ ಮಾತು ಅದರಲ್ಲಿತ್ತು. ಪ್ರಾಗಿನಲ್ಲಿ ಆಡಿದರು, ಆಮೇಲೆ ಜರ್ಮನ್, ಫ್ರೆಂಚ್, ಇಂಗ್ಲಿಷ್. ಹೊರದೇಶದ ಪತ್ರಿಕೆಗಳಲ್ಲಿ ನಕ್ಷತ್ರಲೋಕದ ಕಥೆಗಳನ್ನು ಬರೆಯುವವರು ಝಾರುಬಾ ಅವರ ನೆಂಟನನ್ನು ತಮ್ಮ ಮನೆಗಳಿಗೂ ಕರೆದುಕೊಂಡರು. ಅವನು ಹಡಗುಕಟ್ಟೆಗಳಲ್ಲಿ ಇಳಿದ, ಹೊಲಗಳಲ್ಲಿ ಇಳಿದ, ಒಲೆಯ ಪಕ್ಕ ಕೂತ, ಸೀನಿದ. ಕಥೆ ಮುಗಿಯುವಾಗ ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಅವನು ಹೇಳಿಯೇ ಹೇಳುತ್ತಿದ್ದ. ನಾನು ಇಂಥ ಕಥೆಗಳನ್ನು ಆಸೆಪಟ್ಟು ಓದುತ್ತಿದ್ದೆ. ಓದುತ್ತ ಓದುತ್ತ ಒಂದು ವಿಷಯ ಸ್ಪಷ್ಟವಾಯಿತು. ಡಾಕ್ಟರು ಬರೆದ ಅತಿಥಿ ಕೆಡುಕನೂ ಅಲ್ಲ, ದೇವರೂ ಅಲ್ಲ, ನಮಗೆ ತಿಳಿಯದವನು. ಆ ಒಂದು ಮಾತು ಸೇರಿದ ಕೂಡಲೇ ಅವನು ಹಿಂದೆ ಬರಲಿರುವ ದಂಡಿನ ಬೇಹುಗಾರನಾದ. ಮುಂದಿನ ಕಥೆಗಳಲ್ಲಿ ದಂಡು ಬಂದೂ ಬಿಟ್ಟಿತು. ತಿಳಿಯದವನನ್ನು ತಿಳಿಯದವನಾಗಿಯೇ ಬಿಟ್ಟ ಕಥೆ ಒಂದೂ ನನಗೆ ಸಿಗಲಿಲ್ಲ.

ಇದನ್ನು ಒಮ್ಮೆ ನಾನು ಅಂಗಡಿಯಲ್ಲಿ, ಒಂದು ಜರ್ಮನ್ ಪತ್ರಿಕೆ ತೋರಿಸುತ್ತ, ಕುತೂಹಲದ ಸಂಗತಿ ಎಂಬಂತೆ ಹೆರ್ಮಿನಾಗೆ ಹೇಳಿದೆ. ಅವರು ಚಿಲ್ಲರೆ ಕೊಡುತ್ತಿದ್ದ ಕೈ ನಿಲ್ಲಿಸಿದರು.

"ಇಂಜಿನಿಯರೇ, ನೀವು ಆವತ್ತು ಪಕ್ಕದಲ್ಲೇ ಇದ್ರಿ."

ಇದ್ದೆ ಎಂದೆ.

"ಹಾಗಿದ್ರೆ ಇದನ್ನ ನಂಗೆ ಓದಿ ಹೇಳ್ಬೇಡಿ. ಪ್ರಪಂಚ ಏನಾದ್ರೂ ಬರ್ಕೊಳ್ಲಿ. ಅವನು ಒಂದೇ ಒಂದು ಕೇಳಿದ್ದ ನನ್ನ ಹತ್ರ. ಸುಮ್ನಿರು ಅಂತ."

ಮುಂದಿನ ಸಲ ಹೋದಾಗ ಆ ಪುಸ್ತಕಗಳು ಗೋಡೆಗೆ ಮುಖ ಮಾಡಿದ್ದವು. ಮಾರದೆ ಇರುವಂತಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಅದಕ್ಕೆಂದೇ ಬರುತ್ತಿದ್ದರು. ತನ್ನ ತಪ್ಪನ್ನೇ ತುಂಬಿಕೊಂಡು ಬಂದ ಪುಸ್ತಕಗಳನ್ನು ಅವರು ವಾರವಾರವೂ ಕೈಯಾರೆ ತೂಗುಹಾಕಿ, ಕೈಯಾರೆ ಮಾರಿದರು. ನಾಟಕ ಮಂಡಳಿಯಲ್ಲಿ ಮಾತ್ರ ಗೂಡು ಬಿಡಲಿಲ್ಲ. ಬಿಟ್ಟರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಮೊದಲ ಪ್ರದರ್ಶನವಾಗಿ ಹನ್ನೆರಡು ವರ್ಷಗಳ ಮೇಲೆ ಡಾಕ್ಟರ್ ಝಾರುಬಾಗೆ ಅರವತ್ತು ತುಂಬಿತು. "ಅತಿಥಿ" ಹುಟ್ಟಿದ ರಂಗದ ಮೇಲೇ ಅದನ್ನು ಮತ್ತೆ ಆಡಬೇಕು, ಸಾಧ್ಯವಾದರೆ ಮೊದಲಿನ ಅತಿಥಿಯೇ ಬೇಕು ಎಂದು ಮಂಡಳಿ ಗೊತ್ತುಮಾಡಿತು. ಆಲ್ಬೀನ್ ಒಪ್ಪುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು. ರೆಝೆಕ್ ಮಾಸ್ತರರು ಹೋಗಿ ಕೇಳಿದಾಗ ಅವನು ಚಾಕು ಒರೆಸಿಟ್ಟು, ಪ್ರಾಂಪ್ಟ್ ಮಾಡುವವರು ಯಾರು ಎಂದನಂತೆ. ಇನ್ಯಾರು, ನಿಮ್ಮಕ್ಕ ಎಂದರು ಮಾಸ್ತರರು. ಹಾಗಿದ್ದರೆ ಬರುತ್ತೇನೆ ಎಂದ.

ಈ ಮಾತು ಹೆರ್ಮಿನಾ ಕಿವಿಗೆ ಬಿದ್ದಾಗ ಅವರು ಅದಕ್ಕೆ ಒಂದೇ ಅರ್ಥ ಕಟ್ಟಿದರು. ತಾನು ಕಸಿದುಕೊಂಡ ಮೌನವನ್ನು ಅವನು ವಾಪಸು ತೆಗೆದುಕೊಳ್ಳಲು ಬರುತ್ತಿದ್ದಾನೆ. ತನ್ನ ಕಣ್ಣೆದುರೇ, ತಾನು ಆ ಗೂಡಿನಲ್ಲಿ ಕೂತಿರುವಾಗಲೇ. ಅದು ನ್ಯಾಯ ಎಂದೂ ಅವರಿಗೆ ಅನ್ನಿಸಿತು. ತಾಲೀಮುಗಳಲ್ಲಿ ಅವನು ಕೊನೆಯ ಮಾತನ್ನು ಪುಸ್ತಕದಲ್ಲಿದ್ದಂತೆ ಹೇಳಿದ, ಹೆರ್ಮಿನಾ ನಂಬಲಿಲ್ಲ. ಪ್ರದರ್ಶನದ ದಿನಕ್ಕೆ ಉಳಿಸಿಕೊಂಡಿದ್ದಾನೆ ಎಂದುಕೊಂಡರು. ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಕೇಳುವುದಕ್ಕೆ ಹಳೆಯ ತಪ್ಪಿನ ಹೆಸರೆತ್ತಬೇಕು. ಅದು ಅವರಿಂದ ಆಗಲಿಲ್ಲ.

ಆ ಸಂಜೆ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಡಾಕ್ಟರು ಮೊದಲ ಸಾಲಿನಲ್ಲಿ, ಊರುಗೋಲಿನ ಮೇಲೆ ಕೈಯಿಟ್ಟು ಕೂತಿದ್ದರು. ಆಲ್ಬೀನ್‌ಗೆ ತಲೆ ನರೆತಿತ್ತು, ನೆನಪಿನ ತೂತು ಮೊದಲಿಗಿಂತ ದೊಡ್ಡದಾಗಿತ್ತು. ಮೊದಲ ಎರಡು ಅಂಕಗಳಲ್ಲಿ ಹೆರ್ಮಿನಾ ಬಿಡುವಿಲ್ಲದೆ ಎತ್ತಿಕೊಟ್ಟರು. ಮೂರನೆಯದರಲ್ಲಿ ಅವನು ಹುರುಪಿನಿಂದ ನಡೆದ. ಕೊನೆಯ ಪ್ರಶ್ನೆ ಬಂತು. ನಾನು ತಗಡು ಎತ್ತತೊಡಗಿದೆ.

ಈ ಸಲ ಆ ಉತ್ತರ ಸಭಾಂಗಣದಲ್ಲಿದ್ದ ಎಲ್ಲರಿಗೂ ಬಾಯಿಪಾಠ. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ಆಲ್ಬೀನ್ ನಿಂತಿದ್ದ. ಕತ್ತಿನ ಗಂಟು ಮೇಲೆ ಹೋಗಿ ಇಳಿಯಿತು. ಹೆರ್ಮಿನಾ ಪುಸ್ತಕ ಮುಚ್ಚಿದರು. ಗಂಟು ಮತ್ತೊಮ್ಮೆ ಆಡಿತು. ಅವನು ಕಣ್ಣು ಇಳಿಸಿ ಗೂಡಿನೊಳಗೆ ನೋಡಿದ. ಹೆರ್ಮಿನಾ ಪುಸ್ತಕದ ಮೇಲಿದ್ದ ಕೈಗಳನ್ನು ಎತ್ತಿ ತೋರಿಸಿದರು, ನೋಡು, ಮುಚ್ಚಿದ್ದೇನೆ ಎನ್ನುವ ಹಾಗೆ. ಮುಖದಲ್ಲಿ ಸಣ್ಣ ನಗುವಿತ್ತು. ಆಲ್ಬೀನ್‌ನ ತುಟಿ ಅಲುಗಿತು, ದನಿ ಬರಲಿಲ್ಲ. ಅವನ ಹಣೆಯಿಂದ ಬಣ್ಣ ಕರಗಿ ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರಿಗೆ ಹೇಗೆ ಕಾಣಲಿಲ್ಲವೋ ತಿಳಿಯದು.

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಬರ್ತಾರೆ ಅನ್ನೋ, ಆಲ್ಬೀನ್!"

ಸಭೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ನಮ್ಮೂರಿನ ನಗು. ಅದರ ನಡುವೆ ದೀಪ ಆರಿತು.

ಬಣ್ಣ ಅಳಿಸಲು ನಮ್ಮಲ್ಲಿ ಹಂದಿಯ ಕೊಬ್ಬು ಬಳಸುತ್ತಿದ್ದರು. ಅದನ್ನು ಒದಗಿಸುತ್ತಿದ್ದವನು ಆಲ್ಬೀನ್‌ನೇ. ನಾನು ತಂತಿ ಸುತ್ತುತ್ತ ಬಣ್ಣದ ಕೋಣೆಗೆ ಬಂದಾಗ ಅವನು ಕನ್ನಡಿಯೆದುರು ಮುಖಕ್ಕೆ ಕೊಬ್ಬು ಮೆತ್ತಿಕೊಂಡು ಕೂತಿದ್ದ. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಮರ್ತುಹೋಯ್ತು ಅಕ್ಕಾ," ಎಂದ ಅವನು. "ಪೂರ್ತಿ ಖಾಲಿ. ನಿನ್ನನ್ನ ನೋಡ್ದೆ."

ಹೆರ್ಮಿನಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನೀನು ಬೇಕಂತಾನೇ ಸುಮ್ನಿದ್ದೀಯ ಅಂದ್ಕೊಂಡೆ."

"ಬೇಕಂತ ಯಾಕೆ ಸುಮ್ನಿರ್ಲಿ? ಮಾತು ಪುಸ್ತಕದಲ್ಲಿದೆ. ಊರಿಗೆಲ್ಲ ಗೊತ್ತಿದೆ."

"ಸುಮ್ನಿರು ಅಂತ ಆವತ್ತು ನೀನು ಅಂದಿದ್ದೆ. ನಾನು ಸುಮ್ನಿರ್ಲಿಲ್ಲ. ನಿನ್ನ ಗಳಿಗೆ ಹಾಳು ಮಾಡ್ದೆ. ಅದಕ್ಕೆ ನೀನು ನಾಟಕ ಬಿಟ್ಟೆ, ನನ್ನ ಬಾಗಿಲು ತುಳಿಯೋದೂ ಬಿಟ್ಟೆ."

ಆಲ್ಬೀನ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಅರ್ಧ ಮುಖ ಬೆಳ್ಳಿ ಬಣ್ಣ, ಅರ್ಧ ಅವನದೇ.

"ಕೋಪ ಬಂದಿತ್ತು. ಒಂದು ಚಳಿಗಾಲ ಇತ್ತು, ಅಷ್ಟೆ. ಆಮೇಲೆ ಡಾಕ್ಟರು, ಪೇಪರ್ನೋರು, ಪ್ರಾಗಿನೋರು ಎಲ್ಲ ನನ್ನ ಮಾತು, ನನ್ನ ಮಾತು ಅಂತ ಹೊಗಳಿದ್ರಲ್ಲ. ನಿಂದು ಅಂತ ನಾನು ಬಾಯಿ ಬಿಡ್ಲಿಲ್ಲ. ನಿನ್ನ ಮಾತಿಗೆ ನಾನು ಹೊಗಳಿಸ್ಕೊಂಡು ತಿರುಗ್ದೆ. ಯಾವ ಮುಖ ಹೊತ್ಕೊಂಡು ಸಾರು ತರ್ಲಿ? ಇವತ್ತು ಸರಿಯಾಗಿ ಹೇಳಿ ಮುಗಿಸಿ, ಡಾಕ್ಟರ ಕೈ ಹಿಡ್ಕೊಂಡು, ಇದು ನಮ್ಮಕ್ಕಂದು ಅನ್ಬೇಕು ಅಂತಾನೇ ಒಪ್ಕೊಂಡೆ."

ಅವನು ಬಾಗಿಲಾಚೆ ನೋಡಿದ. ಡಾಕ್ಟರು ಅಲ್ಲಿರಲಿಲ್ಲ. ಪರದೆ ಬಿದ್ದ ಮೇಲೆ ಅವರು ಕೋಟು ಹಾಕಿಕೊಂಡು, ರೆಝೆಕ್ ಮಾಸ್ತರರ ಕ್ಷಮೆಯನ್ನು ಕೈಯೆತ್ತಿ ತಡೆದಿದ್ದರು. ಆವತ್ತು ನನಗೆ ಬೇಕಾಗಿದ್ದ ಕೊನೆ ಇದೇ, ಕಣ್ಣಾರೆ ನೋಡಿರಲಿಲ್ಲ ಎಂದಷ್ಟೇ ಹೇಳಿ ರೈಲಿಗೆ ಹೊರಟುಹೋಗಿದ್ದರು. ಅದನ್ನು ನಾನೇ ಅಕ್ಕತಮ್ಮನಿಗೆ ಹೇಳಿದೆ. ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಆಲ್ಬೀನ್ ತಲೆಯಾಡಿಸಿ ಮತ್ತೆ ಮುಖ ಒರೆಸಿಕೊಳ್ಳತೊಡಗಿದ. ಹೆರ್ಮಿನಾ ನನ್ನನ್ನು ನೋಡಲೂ ಇಲ್ಲ. ಅವರು ಮುಂದೆ ಬಂದು, ತಮ್ಮನ ಕೈಯಿಂದ ಬಟ್ಟೆ ತೆಗೆದುಕೊಂಡು, ಕಿವಿಯ ಹಿಂದೆ ಉಳಿದಿದ್ದ ಬಣ್ಣವನ್ನು ತಾವೇ ಒರೆಸಿದರು.

ಅದಾದ ವಾರದಲ್ಲಿ ಹಂದಿ ಕೊಯ್ದರು. ಆಲ್ಬೀನ್ ತಾನೇ ಸಾರಿನ ಪಾತ್ರೆ ಹಿಡಿದು ಚೌಕ ದಾಟಿದ. ಅವನು ಅರ್ಧ ದಾರಿಯಲ್ಲಿರುವಾಗ ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳು, "ಬರ್ತಾರೆ ಅನ್ನೋ, ಆಲ್ಬೀನ್!" ಎಂದು ಕೂಗಿದವು. ಆ ಕೂಗು ಊರಿಗೆ ಅಂಟಿಕೊಂಡುಬಿಟ್ಟಿತ್ತು; ಅವನು ಬದುಕಿರುವವರೆಗೂ ಹೋಗಲಿಲ್ಲ. ಅವನು ನಕ್ಕು ಕೈ ಬೀಸಿದ. ಗಲ್ಲಾದ ಹಿಂದೆ ಹೆರ್ಮಿನಾ ಅದನ್ನು ಕೇಳಿಸಿಕೊಂಡದ್ದನ್ನು, ಪತ್ರಿಕೆ ಕೊಳ್ಳುತ್ತಿದ್ದ ನಾನು ನೋಡಿದೆ. ಹನ್ನೆರಡು ವರ್ಷ ಹೊತ್ತ ಹೊರೆ ಇಳಿದ ಜಾಗಕ್ಕೆ, ಈ ಸಲ ಎತ್ತಿಕೊಡದೆ ಕೂತದ್ದರ ಹೊರೆ ಬಂದು ಕೂತಿತ್ತು. ಇದು ಎಲ್ಲರ ಕಿವಿಗೂ ಬೀಳುವಂಥದ್ದು.

ಆಲ್ಬೀನ್ ಪಾತ್ರೆಯನ್ನು ಗಲ್ಲಾದ ಮೇಲಿಟ್ಟ. ಏನೋ ಹೇಳಲು ಬಾಯಿ ತೆರೆದ, ಅದು ಜಾರಿಹೋಯಿತು. ಕತ್ತಿನ ಗಂಟು ಏರಿ ಇಳಿಯಿತು. ಹೆರ್ಮಿನಾಗೆ ಆ ಮಾತು ಗೊತ್ತಿತ್ತು. ಹಿಂದೆ ಪ್ರತಿ ವರ್ಷ ಅವನು ಹೇಳುತ್ತಿದ್ದದ್ದು ಒಂದೇ, ಬಿಸಿ ಇರುವಾಗಲೇ ಊಟ ಮಾಡು ಅಂತ. ತುಟಿಯವರೆಗೆ ಬಂದದ್ದನ್ನು ಅವರು ತಡೆದರು.

"ಹೇಳ್ಲಾ?" ಎಂದು ಕೇಳಿದರು.

"ತಾಳು ಅಕ್ಕಾ," ಎಂದ ಅವನು. "ಸ್ವಲ್ಪ ತಾಳು."

ಹೆರ್ಮಿನಾ ಕೈಗಳನ್ನು ಪಾತ್ರೆಯ ಮುಚ್ಚಳದ ಮೇಲಿಟ್ಟು, ಅವನ ಮುಖವನ್ನೇ ನೋಡುತ್ತ ನಿಂತರು. ಸಾರು ಆರುತ್ತಿತ್ತು.